ಫ್ರಿಜ್ ಮುಟ್ಟಿದರೆ ಜುಮ್ ಎನ್ನುವುದೇಕೆ?

ಪುತ್ತೂರಿನಿಂದ ಬಂದ ಮರುದಿನವೇ ಅತ್ತೆ ಹೇಳಿದ್ದರು: "ಈ ಫ್ರಿಜ್ ಮುಟ್ಟಿದ್ರೆ ಜುಮ್ ಅಂತದೆ ಮಾರಾಯ್ತಿ." ನಾನು ಮುಟ್ಟಿ ನೋಡಿದೆ, ಏನೂ ಆಗಲಿಲ್ಲ. ನನ್ನವರು ಮುಟ್ಟಿದರು, ಅವರಿಗೂ ಏನಿಲ್ಲ. ಎಪ್ಪತ್ತು ದಾಟಿದ ಕೈ, ಏನೋ ಜೋಮು ಹಿಡಿದಿರಬೇಕು ಎಂದುಕೊಂಡು ಸುಮ್ಮನಾದೆವು. ಅತ್ತೆ ಮಾತ್ರ ಅಂದಿನಿಂದ ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡೇ ಫ್ರಿಜ್ ಬಾಗಿಲು ತೆಗೆಯತೊಡಗಿದರು.

ವ್ಯತ್ಯಾಸ ಕೈಯಲ್ಲಿರಲಿಲ್ಲ, ಕಾಲಲ್ಲಿತ್ತು. ಮುಂಬೈ ಹತ್ತಿರದ ಡೊಂಬಿವಲಿಗೆ ಬಂದು ಇಷ್ಟು ವರ್ಷವಾದ ಮೇಲೆ ಮನೆಯೊಳಗೂ ರಬ್ಬರ್ ಚಪ್ಪಲಿ ಹಾಕಿಕೊಂಡು ಓಡಾಡುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಅತ್ತೆ ಅಡುಗೆಮನೆಗೆ ಚಪ್ಪಲಿ ಮೆಟ್ಟಿ ಬರುವವರಲ್ಲ. ಆಗಷ್ಟೇ ಒರೆಸಿದ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಹಾಲಿನ ಪಾತ್ರೆಗೆ ಕೈಹಾಕುವವರು. ಕರೆಂಟು ಹರಿಯಬೇಕಾದರೆ ದಾರಿ ಪೂರ್ತಿಯಾಗಬೇಕು. ಫ್ರಿಜ್ಜಿನ ಮೈಯಿಂದ ಕೈಗೆ, ಕೈಯಿಂದ ಕಾಲಿಗೆ, ಕಾಲಿನಿಂದ ನೆಲಕ್ಕೆ. ನಮ್ಮ ಚಪ್ಪಲಿ ಆ ದಾರಿಗೆ ಅಡ್ಡ ನಿಂತಿತ್ತು, ಅತ್ತೆಯ ಪಾದ ಅದನ್ನು ತೆರೆದುಕೊಟ್ಟಿತ್ತು. ಕೊನೆಗೆ ಟೆಸ್ಟರ್ ತಂದು ಬಾಗಿಲಿನ ಹಿಡಿಯ ಸ್ಕ್ರೂಗೆ ತಾಗಿಸಿದಾಗ ಒಳಗಿನ ಪುಟ್ಟ ನಿಯಾನ್ ದೀಪ ಮಂಕಾಗಿ ಹತ್ತಿಕೊಂಡಿತು. ಮೂರು ವಾರ ನಾವು ಅವರ ಮಾತನ್ನು ನಂಬದೆ ಕಳೆದಿದ್ದೆವು.

ಬಿಲ್ಡಿಂಗಿನವರೆಲ್ಲ 'ಕಾಕಾ' ಎಂದು ಕರೆಯುವ ಹಳೇ ಎಲೆಕ್ಟ್ರಿಷಿಯನ್ ಬಂದು ಫ್ರಿಜ್ ಬಿಟ್ಟು ಗೋಡೆಯ ಸಾಕೆಟ್ ಬಿಚ್ಚಿದರು. ಹೊರಗಿನಿಂದ ನೋಡಿದರೆ ಮೂರು ತೂತು, ಒಳಗೆ ಎರಡೇ ವಯರು. ಮೇಲಿನ ದೊಡ್ಡ ತೂತಿನ ಹಿಂದೆ ಸ್ಕ್ರೂ ಇತ್ತು, ಅದಕ್ಕೆ ಏನೂ ಕಟ್ಟಿರಲಿಲ್ಲ. "ಅರ್ಥಿಂಗಚ್ ನಾಹಿ, ತಾಈ" ಎಂದರು ಕಾಕಾ. ಅರ್ಥಿಂಗೇ ಇಲ್ಲ, ಅಂದರೆ ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ವಯರೇ ಇಲ್ಲ.

ಮೂರು ಪಿನ್ನಿನ ಪ್ಲಗ್ಗನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಮೇಲಿನ ಪಿನ್ನು ಉಳಿದೆರಡಕ್ಕಿಂತ ದಪ್ಪ, ಉದ್ದ ಕೂಡ. ಪ್ಲಗ್ ತುರುಕುವಾಗ ಅದು ಮೊದಲು ತಾಗಬೇಕು, ಕೀಳುವಾಗ ಕೊನೆಗೆ ಬಿಡಬೇಕು ಎಂಬುದೇ ಆ ಉದ್ದದ ಲೆಕ್ಕ. ಅದರಿಂದ ಹೊರಟ ಹಸಿರು ವಯರು ಒಂದು ಕಡೆ ಫ್ರಿಜ್ಜಿನ ಲೋಹದ ಮೈಗೆ, ಇನ್ನೊಂದು ಕಡೆ ಕಟ್ಟಡದ ಬುಡದಲ್ಲಿ ಹೂತ ತಾಮ್ರದ ತಗಡಿಗೋ ಕಬ್ಬಿಣದ ಪೈಪಿಗೋ ಸೇರಬೇಕು. ಯಾವ ಯಂತ್ರದಲ್ಲೂ ಚೂರುಪಾರು ಕರೆಂಟು ಮೈಗೆ ಜಿನುಗುವುದು ಇದ್ದದ್ದೇ. ಹಸಿರು ವಯರು ಅದನ್ನು ಸದ್ದಿಲ್ಲದೆ ಭೂಮಿಗೆ ಇಳಿಸುತ್ತದೆ. ಆ ವಯರು ಇಲ್ಲದಿದ್ದರೆ ಅದೇ ಜಿನುಗು ಯಾರಾದರೂ ಬರಿಗಾಲಿನವರು ಬಂದು ಮುಟ್ಟುವವರೆಗೆ ಕಾದಿರುತ್ತದೆ.

ಅತ್ತೆಗೆ ತಾಗುತ್ತಿದ್ದದ್ದು ಬಹುಶಃ ಒಂದು ಮಿಲಿ ಆಂಪಿಯರ್ ಆಸುಪಾಸು. ಅಷ್ಟರಿಂದ ಯಾರೂ ಸಾಯುವುದಿಲ್ಲ. ಆದರೆ ಜುಮ್ ಎನ್ನುವುದು ಒಂದು ಸುದ್ದಿ: ಈ ಯಂತ್ರಕ್ಕೆ ಭೂಮಿಯ ಸಂಪರ್ಕವಿಲ್ಲ, ನಾಳೆ ಕಂಪ್ರೆಸರಿನ ವಯರಿನ ಹೊದಿಕೆ ಪೂರ್ತಿ ಹರಿದರೆ ಇಡೀ 230 ವೋಲ್ಟು ಬಾಗಿಲಿನ ಹಿಡಿಗೆ ಬಂದು ಕೂರುತ್ತದೆ ಎಂಬ ಸುದ್ದಿ. ಆಗಿನ ಲೆಕ್ಕ ಬೇರೆ. ಚರ್ಮ ಒಣಗಿದ್ದಾಗ ನಮ್ಮ ದೇಹ ಕರೆಂಟಿಗೆ ಸಾಕಷ್ಟು ತಡೆ ಒಡ್ಡುತ್ತದೆ. ಒದ್ದೆಯಾದರೆ ಆ ತಡೆ 1000 ಓಮ್ ಸುಮಾರಿಗೆ ಇಳಿಯಬಹುದು. 230ನ್ನು 1000ದಿಂದ ಭಾಗಿಸಿದರೆ 0.23 ಆಂಪಿಯರ್, ಅಂದರೆ 230 ಮಿಲಿ ಆಂಪಿಯರ್. ಸುಮಾರು 10 ಮಿಲಿ ಆಂಪಿಯರಿಗೆ ಸ್ನಾಯುಗಳು ಸೆಟೆದು, ಹಿಡಿದದ್ದನ್ನು ಬಿಡಲು ಕೈಗೆ ಆಗುವುದಿಲ್ಲ. 'ಕರೆಂಟು ಎಳೆದುಕೊಂಡಿತು' ಎನ್ನುತ್ತಾರಲ್ಲ, ಎಳೆಯುವುದು ಕರೆಂಟಲ್ಲ, ನಮ್ಮದೇ ಮುಷ್ಟಿ ಬಿಗಿಯುವುದು. 100 ಮಿಲಿ ಆಂಪಿಯರ್ ಒಂದೆರಡು ಸೆಕೆಂಡು ಎದೆಯ ಮೂಲಕ ಹಾದರೆ ಹೃದಯದ ತಾಳ ತಪ್ಪುತ್ತದೆ.

ಇಷ್ಟು ಹೇಳಿದಾಗ ನನ್ನವರು ಅಂದದ್ದು, "ಎಂಸಿಬಿ ಉಂಟಲ್ಲ, ಬೀಳ್ತದೆ." ಕರೆಂಟು ಮಿತಿ ಮೀರಿದರೆ ತಾನಾಗಿ ಬಿದ್ದು ಕಡಿಯುವ ಸ್ವಿಚ್ಚು ಅದು. ನೂರಕ್ಕೆ ತೊಂಬತ್ತು ಜನ ನಂಬಿರುವುದು ಇದನ್ನೇ. ಸಾಕೆಟ್ಟಿನ ಎಂಸಿಬಿ 16 ಆಂಪಿಯರಿನದು. ಅದಕ್ಕಿಂತ ಹೆಚ್ಚು ಹರಿದರೆ ಮಾತ್ರ ಅದಕ್ಕೆ ಎಚ್ಚರ. ಜೀವ ತೆಗೆಯಲು ಸಾಕಾಗುವ 0.1 ಆಂಪಿಯರಿಗೆ ಅದು 160 ಪಟ್ಟು. ಮನುಷ್ಯನ ಮೂಲಕ ಹರಿಯುವ ಕರೆಂಟು ಅದರ ಲೆಕ್ಕದಲ್ಲಿ ಒಂದು ಟ್ಯೂಬ್‌ಲೈಟಿಗೆ ಸಮ. ಎಂಸಿಬಿ ಕಾಯುವುದು ವಯರನ್ನು, ವಯರು ಮುಟ್ಟಿದವನನ್ನಲ್ಲ.

ಮನುಷ್ಯನನ್ನು ಕಾಯುವುದಕ್ಕೆ ಇರುವುದು ಆರ್‌ಸಿಸಿಬಿ ಎಂಬ ಇನ್ನೊಂದು ಸ್ವಿಚ್ಚು. ಅದರ ಉಪಾಯ ಸರಳ, ನನಗಂತೂ ಬಹಳ ಇಷ್ಟ. ಕರೆಂಟು ತರುವ ಫೇಸ್ ಮತ್ತು ವಾಪಸು ಒಯ್ಯುವ ನ್ಯೂಟ್ರಲ್ ಎರಡೂ ವಯರುಗಳನ್ನು ಬಳೆಯಾಕಾರದ ಒಂದು ಕಾಂತೀಯ ತಿರುಳಿನೊಳಗೆ ಹಾಯಿಸಿರುತ್ತಾರೆ. ಹೋದಷ್ಟೇ ಕರೆಂಟು ವಾಪಸು ಬಂದರೆ ಎರಡರ ಕಾಂತಕ್ಷೇತ್ರ ಒಂದನ್ನೊಂದು ಅಳಿಸಿಹಾಕುತ್ತವೆ, ಬಳೆಗೆ ಏನೂ ಗೊತ್ತಾಗುವುದಿಲ್ಲ. ಹೋದದ್ದರಲ್ಲಿ ಸ್ವಲ್ಪ ಯಾರದೋ ಮೈಯ ಮೂಲಕ ನೆಲಕ್ಕೆ ಸೋರಿದರೆ ಲೆಕ್ಕ ತಪ್ಪುತ್ತದೆ. ಆ ತಪ್ಪು 30 ಮಿಲಿ ಆಂಪಿಯರ್ ಮುಟ್ಟಿದರೆ ಸೆಕೆಂಡಿನ ಮೂರನೇ ಒಂದು ಭಾಗಕ್ಕೂ ಮುಂಚೆ ಕರೆಂಟು ಕಡಿಯುತ್ತದೆ. ಅರ್ಥಿಂಗ್ ಇಲ್ಲದ ಹಳೇ ಕಟ್ಟಡದಲ್ಲೂ ಇದು ಕೆಲಸ ಮಾಡುತ್ತದೆ, ಆದರೆ ಶಾಕ್ ಹೊಡೆದ ಮೇಲೆಯೇ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವನನ್ನು ಮಾತ್ರ ಇದೂ ಉಳಿಸಲಾರದು. ಅವನೂ ಒಂದು ಬಲ್ಬೇ ಎಂದು ಅದು ತಿಳಿಯುತ್ತದೆ. ಅಂಗಡಿಯಲ್ಲಿ 100, 300 ಮಿಲಿ ಆಂಪಿಯರಿನವೂ ಸಿಗುತ್ತವೆ. ಜೀವ ಉಳಿಸಲು ಬೇಕಾದದ್ದು 30ರದು.

ಇನ್ನೊಂದು ಅಪಾಯಕ್ಕೆ ಎಂಸಿಬಿಯೂ ಕುರುಡು, ಆರ್‌ಸಿಸಿಬಿಯೂ ಕುರುಡು. ಹೋದ ಮಳೆಗಾಲದಲ್ಲಿ ಬೆಳಗಿನ ಹೊತ್ತು ಮನೆಯಲ್ಲಿ ಮೀನಿನ ವಾಸನೆ. ನಮ್ಮದು ಮೀನು ತಿನ್ನದ ಮನೆ, ಎದುರಿನದು ರತ್ನಾಗಿರಿಯವರದು. ಬಂಗುಡೆ ಸುಡುತ್ತಿದ್ದಾರೆ ಎಂದುಕೊಂಡೆವು. ಆರು ಗಂಟೆಗೆ ಯಾರು ಬಂಗುಡೆ ಸುಡುತ್ತಾರೆ ಎಂದು ಅತ್ತೆ ಕೇಳಿದಾಗಲೇ ತಲೆಗೆ ಹೋದದ್ದು. ಗೀಸರಿನ ಸ್ವಿಚ್ಚಿನ ಪ್ಲೇಟಿನ ಮೇಲೆ ಕೈಯಿಟ್ಟರೆ ಇಸ್ತ್ರಿಪೆಟ್ಟಿಗೆಯಂತೆ ಬಿಸಿ, ಮೂಲೆಯಲ್ಲಿ ಚಹಾದ ಕಲೆಯಂಥ ಕಂದು ಬಣ್ಣ. ಸ್ವಿಚ್ಚು ಸಾಕೆಟ್ಟುಗಳ ಕೆಲವು ಪ್ಲಾಸ್ಟಿಕ್ಕುಗಳು ಅತಿಯಾಗಿ ಕಾದಾಗ ಬರುವುದು ಈ ಮೀನಿನ ವಾಸನೆಯೇ.

ಒಳಗೆ ಸಡಿಲವಾಗಿದ್ದದ್ದು ಒಂದು ಸ್ಕ್ರೂ. 2000 ವ್ಯಾಟಿನ ಗೀಸರು ಎಳೆಯುವುದು 8.7 ಆಂಪಿಯರ್. ವಯರು ಬಿಗಿಯಾಗಿ ಕೂರದೆ ಆ ಜಾಗದಲ್ಲಿ ಬರೀ ಅರ್ಧ ಓಮ್ ತಡೆ ಹುಟ್ಟಿದರೂ, ಕರೆಂಟಿನ ವರ್ಗವನ್ನು ತಡೆಯಿಂದ ಗುಣಿಸಿದರೆ ಹತ್ತಿರಹತ್ತಿರ 38 ವ್ಯಾಟು. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಸಾಲ್ಡರಿಂಗ್ ಐರನ್ ಇರುವುದು ಹೆಚ್ಚುಕಡಿಮೆ ಅಷ್ಟೇ ವ್ಯಾಟಿನದು. ಅಂಥದ್ದೊಂದು ನಮ್ಮ ಗೋಡೆಯೊಳಗೆ ದಿನಾ ಅರ್ಧ ಗಂಟೆ ಉರಿಯುತ್ತಿತ್ತು. ಹರಿದದ್ದು 16 ಆಂಪಿಯರಿಗಿಂತ ಕಡಿಮೆ, ಹಾಗಾಗಿ ಎಂಸಿಬಿ ಸುಮ್ಮನಿತ್ತು. ಹೋದಷ್ಟೇ ವಾಪಸು ಬಂದಿತ್ತು, ಹಾಗಾಗಿ ಆರ್‌ಸಿಸಿಬಿ ಇದ್ದಿದ್ದರೂ ಸುಮ್ಮನಿರುತ್ತಿತ್ತು. ಗೊತ್ತಾಗುವುದು ಮೂಗಿಗೆ, ಕೈಗೆ, ಕಿವಿಗೆ ಮಾತ್ರ: ವಾಸನೆ, ಬಿಸಿ, ಸ್ವಿಚ್ಚಿನೊಳಗಿನ ಚಿರ್ ಚಿರ್. ಗೀಸರು ಹಾಕಿದೊಡನೆ ದೀಪ ಒಮ್ಮೆ ಕಣ್ಣು ಮಿಟುಕಿಸಿದರೆ ಹೆದರಬೇಕಿಲ್ಲ. ಹಾಕಿದಷ್ಟು ಹೊತ್ತೂ ಮಿಣಮಿಣ ಎನ್ನುತ್ತಿದ್ದರೆ ಎಲ್ಲೋ ಜೋಡಣೆ ಸಡಿಲವಾಗಿದೆ. ಹಳೇ ಬಿಲ್ಡಿಂಗುಗಳಲ್ಲಿ ಅಲ್ಯುಮಿನಿಯಂ ವಯರಿದ್ದರೆ ಇದು ಬೇಗ ಬರುತ್ತದೆ. ಬಿಗಿದ ಸ್ಕ್ರೂ ಕೆಳಗೆ ಅಲ್ಯುಮಿನಿಯಂ ವರ್ಷಗಟ್ಟಲೆ ನಿಧಾನಕ್ಕೆ ಅಮುಕಿಕೊಂಡು ಸಡಿಲವಾಗುತ್ತದೆ, ಮೇಲೆ ಕರೆಂಟಿಗೆ ತಡೆಯೊಡ್ಡುವ ಆಕ್ಸೈಡಿನ ಪದರ ಬೇರೆ.

ಗೀಸರು, ಇಸ್ತ್ರಿಪೆಟ್ಟಿಗೆಗಳನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಬಾರದು ಎನ್ನುವುದಕ್ಕೂ ಇದೇ ಕಾರಣ. ಚೌತಿಗೆ ಗಣಪತಿ ಕೂರಿಸುವ ಮಖರದ (ಅಲಂಕಾರದ ಮಂಟಪದ) ಸುತ್ತ ಸುತ್ತುವ ಸೀರಿಯಲ್ ಸೆಟ್ಟಿನ ಬೆತ್ತಲೆ ತುದಿಗಳನ್ನು ಬೆಂಕಿಕಡ್ಡಿ ಚುಚ್ಚಿ ಸಾಕೆಟ್ಟಿಗೆ ಸಿಕ್ಕಿಸುವವರನ್ನು ಎಂಜಿನಿಯರುಗಳ ಮನೆಯಲ್ಲೂ ನೋಡಿದ್ದೇನೆ. ಆ ಬಗ್ಗೆ ಏನು ಬರೆಯುವುದು. ಇನ್ನೊಂದು ಕಣ್ಣಿಗೆ ಬೀಳುವ ಸಂಗತಿ: ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ಬಲ್ಬು ಮಿಂಚುಹುಳದಂತೆ ಮಿನುಗುತ್ತಿದ್ದರೆ ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲ್ಲಿಗೆ ಕಟ್ಟಿರಬಹುದು. ಆಗ ಆರಿಸಿದರೂ ಹೋಲ್ಡರಿನಲ್ಲಿ ಕರೆಂಟು ಇದ್ದೇ ಇರುತ್ತದೆ.

ಮಳೆಗಾಲ ಇಲ್ಲಿಯ ಗೋಡೆಗಳನ್ನೇ ಒದ್ದೆ ಮಾಡುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದದ್ದನ್ನು ಕಂಡವರು ನೀರು ತುಂಬಿದ ಮೀಟರ್ ರೂಮಿನ ಹತ್ತಿರ ಸುಳಿಯುವುದಿಲ್ಲ. ಯಾರಿಗಾದರೂ ಕರೆಂಟು ಹಿಡಿದಿದ್ದರೆ ಅವರನ್ನು ಮುಟ್ಟಬೇಡಿ, ಮೊದಲು ಮೇನ್ ಆರಿಸಿ.

ಕಾಕಾ ಸುಲಭದ ದಾರಿಯೊಂದನ್ನೂ ಹೇಳಿದ್ದರು: ಸಾಕೆಟ್ಟಿನಲ್ಲೇ ಅರ್ಥ್ ಸ್ಕ್ರೂವನ್ನು ನ್ಯೂಟ್ರಲ್ಲಿಗೆ ಜೋಡಿಸಿಬಿಡುವುದು. ಜುಮ್ ನಿಲ್ಲುತ್ತದೆ, ನಿಜ. ಆದರೆ ಎಲ್ಲೋ ನ್ಯೂಟ್ರಲ್ ತುಂಡಾದ ದಿನ ಫ್ರಿಜ್ಜಿನ ಮೈಗೇ ಫೇಸ್ ಬಂದು ಕೂರುತ್ತದೆ. ಬೇಡ ಎಂದೆ. ಸೊಸೈಟಿಯ ಮೂರು ಮೀಟಿಂಗ್ ಆದ ಮೇಲೆ ಕೆಳಗೆ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಹಸಿರು ವಯರನ್ನು ಮೂರನೇ ಮಹಡಿಗೆ ತಂದರು. ನಾವು ಆರ್‌ಸಿಸಿಬಿಯನ್ನೂ ಕೂರಿಸಿದೆವು. ತಿಂಗಳಿಗೊಮ್ಮೆ ಅದರ 'ಟಿ', ಅಂದರೆ ಟೆಸ್ಟ್ ಗುಂಡಿ ಒತ್ತುವ ಕೆಲಸ ಅತ್ತೆಯದು.

ಮೊದಲ ವಾರವೇ ಗ್ರೈಂಡರ್ ಹಾಕಿದಾಗಲೆಲ್ಲ ಠಪ್ ಎಂದು ಮನೆಯೆಲ್ಲ ಕತ್ತಲೆ. ಇಷ್ಟು ವರ್ಷ ಸರಿಯಿದ್ದದ್ದು ಈಗ ಹಾಳಾಯಿತೇ ಎಂದು ನನ್ನವರಿಗೆ ಸಿಟ್ಟು. ಸರಿಯಿರಲಿಲ್ಲ, ಅದರ ಮೋಟರಿನ ಸೋರಿಕೆಗೆ ಹೋಗಲು ದಾರಿ ಇರಲಿಲ್ಲ ಅಷ್ಟೆ. ಹಸಿರು ವಯರು ಬಂದು ದಾರಿ ಸಿಕ್ಕಿದೊಡನೆ ಬಳೆಯ ಲೆಕ್ಕ ತಪ್ಪತೊಡಗಿತು. ಗ್ರೈಂಡರ್ ಈಗ ರಿಪೇರಿಗೆ ಹೋಗಿದೆ. ದೋಸೆಹಿಟ್ಟಿನ ಪ್ಯಾಕೆಟ್ಟನ್ನು ಸ್ಟೇಷನ್ ಹತ್ತಿರದ ಅಂಗಡಿಯಿಂದ ತರುತ್ತಿದ್ದೇವೆ, ಅದರ ಹುಳಿ ಅತ್ತೆಗೆ ಹಿಡಿಸಿಲ್ಲ.