ಸ್ಟೇರಿಂಗ್ ಬಿರುಸಾದರೆ ಮೊದಲೇ ಪಂಪಿಗೆ ಕೈ ಹಾಕಬೇಡಿ

ಹುಬ್ಬಳ್ಳಿಯ ದುರ್ಗದಬೈಲಿನ ಇಕ್ಕಟ್ಟಿನಲ್ಲಿ ಕಾರು ತಿರುಗಿಸಲು ಎರಡು ಕೈ ಸಾಲುವುದಿಲ್ಲ. ಅದೇ ಕಾರು ಧಾರವಾಡದ ರಸ್ತೆ ಹಿಡಿದು ವೇಗ ಏರಿಸಿದರೆ ಏನೂ ಆಗಿಲ್ಲವೆಂಬಂತೆ ಹಗುರ. ಫೋರ್ಡ್ ಐಕಾನ್ 1.6, ಫಿಯೆಟ್ ಪಾಲಿಯೊ 1.6, ಮೊದಲ ಪೀಳಿಗೆಯ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್‌ನಂಥ ಹಳೆಯ ಚುರುಕು ಕಾರುಗಳನ್ನು ಇನ್ನೂ ಬಿಡದೆ ಓಡಿಸುವವರ ದೂರು ಇದು. ಗ್ಯಾರೇಜಿನಲ್ಲಿ ಸಿಗುವ ಉತ್ತರವೂ ಗೊತ್ತಿರುವಂಥದ್ದೇ: "ಪಂಪ್ ಹೋಗೇದ್ರಿ ಸರ, ಬದಲಿ ಮಾಡೂಣು." ಹೋಗಿರಲೂಬಹುದು. ಆದರೆ ಪರೀಕ್ಷೆಯಲ್ಲಿ ಪಂಪಿನ ಪಾಳಿ ಬರಬೇಕಾದ್ದು ಕೊನೆಗೆ.

ಈ ಕಾರುಗಳಲ್ಲಿರುವುದು ಹೈಡ್ರಾಲಿಕ್ ಸ್ಟೇರಿಂಗ್, ಅಂದರೆ ಎಣ್ಣೆಯ ಒತ್ತಡ ಕೈಗೆ ನೆರವಾಗುವಂಥದ್ದು. ಎಂಜಿನ್ನಿನ ಬೆಲ್ಟ್ ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು, ಮುಂದಿನ ಗಾಲಿಗಳನ್ನು ಎಡಬಲಕ್ಕೆ ಹೊರಳಿಸುವ ರ‍್ಯಾಕಿಗೆ ದೂಡುತ್ತದೆ. ನೀವು ಸ್ಟೇರಿಂಗ್ ತಿರುಗಿಸಿದಾಗ ರ‍್ಯಾಕಿನ ವಾಲ್ವಿನೊಳಗಿರುವ ಟಾರ್ಷನ್ ಬಾರ್ ಎಂಬ ತೆಳು ಉಕ್ಕಿನ ಸರಳು ಕೆಲವೇ ಡಿಗ್ರಿ ತಿರುಚಿಕೊಳ್ಳುತ್ತದೆ. ಅಷ್ಟಕ್ಕೇ ವಾಲ್ವ್ ತೆರೆದು ಎಣ್ಣೆ ಪಿಸ್ಟನ್ನಿನ ಒಂದು ಮಗ್ಗುಲಿಗೆ ನುಗ್ಗುತ್ತದೆ. ಒತ್ತಡ 80 ಬಾರ್ (ಹೊರಗಿನ ಗಾಳಿಯ ಒತ್ತಡದ ಸುಮಾರು 80 ಪಟ್ಟು), ಪಿಸ್ಟನ್ನಿನ ಮುಖ 8 ಚದರ ಸೆಂಟಿಮೀಟರ್ ಎಂದು ಹಿಡಿಯಿರಿ. 650 ಕಿಲೋ ತೂಕದಷ್ಟು ಬಲ ಸಿಕ್ಕಿತು. ಪಂಪು ಕೊಡುವುದು ಹರಿವನ್ನು ಮಾತ್ರ, ಆ ಹರಿವಿಗೆ ಅಡ್ಡಿಯಾದಾಗ ಒತ್ತಡ ಹುಟ್ಟುತ್ತದೆ. ಕೊರತೆ ಹರಿವಿನದೋ ಒತ್ತಡದ್ದೋ ಅಥವಾ ಎಣ್ಣೆಗೆ ಸಂಬಂಧವೇ ಇಲ್ಲದ ಬಿಗಿತವೋ ಎಂದು ಬೇರ್ಪಡಿಸುವುದೇ ಇಡೀ ತಪಾಸಣೆ.

ಮೊದಲು ಗಾಲಿಗಳ ಹವಾ ನೋಡಿ. ನಿಂತ ಕಾರಿನಲ್ಲಿ ಟೈರಿನ ರಬ್ಬರು ಡಾಂಬರನ್ನು ಕಚ್ಚಿಕೊಂಡೇ ಉಜ್ಜುತ್ತದೆ. ಹವಾ ಇಳಿದಷ್ಟೂ ಕಚ್ಚುವ ಜಾಗ ದೊಡ್ಡದು. ಚೆಂದಕ್ಕೆಂದು ಅಗಲ ಟೈರು, ಅಲಾಯ್ ರಿಮ್ಮು ಹಾಕಿಸಿದವರು ಬಿರುಸನ್ನೂ ಜೊತೆಗೇ ಕೊಂಡಿರುತ್ತಾರೆ.

ಆಮೇಲೆ ಮುಂದಿನ ಎರಡೂ ಗಾಲಿಗಳನ್ನು ಜಾಕಿನಿಂದ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಎಂಜಿನ್ ಬಂದ್ ಇಟ್ಟು, ಸ್ಟೇರಿಂಗ್ ಲಾಕ್ ಬಿಡುವಷ್ಟು ಮಾತ್ರ ಕೀಲಿ ತಿರುಗಿಸಿ ಸ್ಟೇರಿಂಗನ್ನು ಕೊನೆಯಿಂದ ಕೊನೆಗೆ ಒಯ್ಯಿರಿ. ತುಸು ಎಳೆತವಿದ್ದರೂ ಎಲ್ಲ ಕಡೆ ಒಂದೇ ಸಮ ತಿರುಗಬೇಕು. ಪ್ರತಿ ಸುತ್ತಿಗೆ ಎರಡು ಕಡೆ ಬಿಗಿಯಾದರೆ ಸ್ಟೇರಿಂಗ್ ಕಾಲಮ್ಮಿನ ಕೆಳಗಿನ ಯುನಿವರ್ಸಲ್ ಜಾಯಿಂಟ್ (ಸರಳನ್ನು ಓರೆಯಲ್ಲೂ ತಿರುಗಗೊಡುವ ಕೀಲು) ತುಕ್ಕು ಹಿಡಿದಿದೆ. ಮುಂದಿನ ಗಾಲಿಯ ಸ್ಪ್ರಿಂಗಿನ ಮೇಲೆ ಅಂಗೈ ಇಟ್ಟು ಇನ್ನೊಬ್ಬರಿಂದ ತಿರುಗಿಸಿ. ಸ್ಪ್ರಿಂಗ್ ತಡೆದು ತಡೆದು ಜಿಗಿದರೆ ಸ್ಟ್ರಟ್ಟಿನ (ಆ ಸ್ಪ್ರಿಂಗ್ ಹೊತ್ತ ಕಂಬದ) ಮೇಲಿನ ಬೇರಿಂಗ್ ಹಾಳಾಗಿದೆ. ತಿರುವು ಮುಗಿದ ಮೇಲೂ ಸ್ಟೇರಿಂಗ್ ತಾನಾಗಿ ನೆಟ್ಟಗಾಗದಿದ್ದರೆ ಇವುಗಳ ಜೊತೆಗೆ ಗಾಲಿ ಹೊರಳುವ ಕೀಲಾದ ಬಾಲ್ ಜಾಯಿಂಟನ್ನೂ ಅನುಮಾನಿಸಿ. ಇಂಥ ಕಾರಿಗೆ ಹೊಸ ಪಂಪು ಹಾಕಿದರೆ ದುಡ್ಡು ದಂಡ. (ಎಂಜಿನ್ ಬಂದಾದರೂ ಗಾಲಿ ತಿರುಗುತ್ತದಲ್ಲ ಎಂದು ಅರಬೈಲ್ ಘಟ್ಟದ ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ಹೋಗಬೇಡಿ. ಸ್ಟೇರಿಂಗ್ ನೆರವು ತಕ್ಷಣ ಹೋಗುತ್ತದೆ, ನಾಲ್ಕಾರು ಸಲ ಒತ್ತುವಷ್ಟರಲ್ಲಿ ಬ್ರೇಕಿನದೂ.)

ಬಿಗಿತ ಇಲ್ಲವೆಂದಾದರೆ ಗಾಲಿ ಇಳಿಸಿ, ಎಂಜಿನ್ ಚಾಲೂ ಮಾಡಿ. ಐಡಲ್‌ನಲ್ಲಿ (ರೇಸ್ ಕೊಡದೆ) ನಿಧಾನವಾಗಿ ತಿರುಗಿಸಿದರೆ ಹಗುರ, ಸರಕ್ಕನೆ ತಿರುಗಿಸಿದರೆ ನಡುವೆ ಹಿಡಿದಂತಾಗುತ್ತದೆ, ರೇಸ್ ಕೊಟ್ಟರೆ ಮತ್ತೆ ಹಗುರ ಎಂದರೆ ಹರಿವಿನ ಕೊರತೆ. ಐಡಲ್‌ನಲ್ಲಿ ಪಂಪು ತಿರುಗುವುದೇ ನಿಧಾನ, ಪಾರ್ಕಿಂಗಿಗೆ ಎಣ್ಣೆ ಬೇಕಾಗುವುದು ಆಗಲೇ. ಬೆಲ್ಟ್ ನುಣುಪಾಗಿ ಹೊಳೆಯುತ್ತಿದೆಯೇ, ತಿರುಗಿಸುವಾಗ ಕಿರುಚುತ್ತದೆಯೇ ನೋಡಿ. ಬೆಲ್ಟ್ ಸರಿಯಿದ್ದೂ ಪಂಪು ಗುಂಯ್‌ಗುಡುತ್ತಿದ್ದರೆ ಸ್ಟೇರಿಂಗ್ ಎಣ್ಣೆಯ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಎಣ್ಣೆಯಲ್ಲಿ ನೊರೆ ಇದೆಯೆಂದರೆ ಗಾಳಿ ಸೇರುತ್ತಿದೆ, ಮತ್ತು ಗಾಳಿ ಒತ್ತಡಕ್ಕೆ ಕುಗ್ಗುತ್ತದೆ, ಎಣ್ಣೆಯಂತೆ ದೂಡುವುದಿಲ್ಲ.

ಗಾಳಿ ಬರುವ ದಾರಿಯೇ ಹೆಚ್ಚಿನವರ ಕಣ್ಣು ತಪ್ಪಿಸುವುದು. ಟ್ಯಾಂಕಿನಿಂದ ಪಂಪಿನ ತನಕದ ಪೈಪಿನಲ್ಲಿ ಪಂಪು ಹೀರುತ್ತಿರುತ್ತದೆ, ಅಲ್ಲಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಆದ್ದರಿಂದ ಅಲ್ಲಿ ಸಂದಿಯಿದ್ದರೆ ಹನಿ ಎಣ್ಣೆಯೂ ಸೋರದೆ ಗಾಳಿ ಒಳಹೋಗುತ್ತದೆ. ಹಳೆಯ ಹೋಂಡಾಗಳಲ್ಲಿ ಪಂಪಿನ ಬಾಯಿಯ ಓ-ರಿಂಗ್ ಗಟ್ಟಿಯಾಗಿ ಹೀಗಾಗುವುದು ಹೆಸರಾದ ರೋಗ. ಒಂದು ರಬ್ಬರ್ ಬಳೆ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಇಡೀ ಪಂಪನ್ನೇ ಗುಜರಿಗೆ ಹಾಕಿದವರು ಬಹಳ. ಟ್ಯಾಂಕಿನ ತಳದ ಜಾಲರಿ ಕೆಸರಿನಿಂದ ಮುಚ್ಚಿಕೊಂಡರೂ ಪಂಪು ಹೀಗೆಯೇ ನರಳುತ್ತದೆ.

ನಿಧಾನವಾಗಿ ತಿರುಗಿಸಿದರೂ ಭಾರ, ರೇಸ್ ಕೊಟ್ಟರೂ ಭಾರ ಎಂದರೆ ಒತ್ತಡ ಕಟ್ಟಿಕೊಳ್ಳುತ್ತಿಲ್ಲ. ಬೆಳಗಿನ ಚಳಿಯಲ್ಲಿ ಬಿರುಸಿದ್ದು ಓಡಿದ ಮೇಲೆ ಸಡಿಲಾದರೆ ರ‍್ಯಾಕಿನ ವಾಲ್ವಿನ ಟೆಫ್ಲಾನ್ ಉಂಗುರಗಳು ಸವೆದಿವೆ. ಬಿಸಿಯಾದಾಗ ಮಾತ್ರ ಅವು ಒತ್ತಿ ಕೂರುತ್ತವೆ. ಏಪ್ರಿಲ್ ಬಿಸಿಲಿನ ಟ್ರಾಫಿಕ್ಕಿನಲ್ಲಿ, ಎಣ್ಣೆ ತೆಳುವಾದಾಗ ಭಾರವಾದರೆ ಸವೆದ ಪಂಪಿನ ಒಳಸೋರಿಕೆಯ ಗುರುತು. ಒಂದೇ ಕಡೆಗೆ ಭಾರವಿದ್ದರೆ ದೋಷ ರ‍್ಯಾಕಿನದು, ಪಂಪಿಗೆ ಎಡಬಲ ಗೊತ್ತಿಲ್ಲ.

ನವಲಗುಂದ, ಗದಗ ಕಡೆಯ ಎರೆ ಹೊಲದ ದಾರಿಯಲ್ಲಿ ಓಡಾಡುವ ಕಾರಾದರೆ ರ‍್ಯಾಕಿನ ಎರಡು ತುದಿಯ ರಬ್ಬರ್ ಬೂಟುಗಳನ್ನು ಒತ್ತಿ ನೋಡಿ. ಬೂಟು ಹರಿದರೆ ಎರೆಮಣ್ಣಿನ ಕೆಸರು ಸರಳಿಗೆ ಮೆತ್ತಿ ಒಣಗಿ ಸೀಲನ್ನು ಕೆರೆಯುತ್ತದೆ. ಒತ್ತಿದಾಗ ಒಳಗೆ ಎಣ್ಣೆ ಕುಲುಕಿದರೆ ಸೀಲು ಆಗಲೇ ಹೋಗಿದೆ.

ಎಣ್ಣೆಯ ವಿಷಯದಲ್ಲಿ ಅಂದಾಜು ಬೇಡ. ಹಲವು ಕಾರುಗಳಿಗೆ ಕೆಂಪು ಎಟಿಎಫ್ (ಆಟೊಮ್ಯಾಟಿಕ್ ಗೇರಿನ ಎಣ್ಣೆ), ಆಕ್ಟೇವಿಯಾಗೆ ಹಸಿರು ಹೈಡ್ರಾಲಿಕ್ ಎಣ್ಣೆ, ಹೋಂಡಾಗೆ ಅದರದೇ ಎಣ್ಣೆ. ಬ್ರೇಕ್ ಆಯಿಲ್ ಬಿದ್ದರೆ ಸೀಲುಗಳು ಉಬ್ಬಿ ಎಲ್ಲವೂ ಕೆಡುತ್ತದೆ. ಹೊಸದು ತುಂಬಿದ ಮೇಲೆ ಗಾಲಿ ಎತ್ತಿಯೇ, ಎಂಜಿನ್ ಬಂದ್ ಇಟ್ಟು 15-20 ಸಲ ಕೊನೆಯಿಂದ ಕೊನೆಗೆ ನಿಧಾನ ತಿರುಗಿಸಿ, ಇಳಿದಷ್ಟು ಎಣ್ಣೆ ಮತ್ತೆ ತುಂಬಿ. ನೊರೆ ನಿಂತ ಮೇಲೆ ಎಂಜಿನ್ ಚಾಲೂ ಮಾಡಿ ಮತ್ತೆ ತಿರುಗಿಸಿ, ಸ್ಟೇರಿಂಗ್ ತಿರುಗುವ ತುದಿಯಲ್ಲಿ 5 ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ. ಎಂಜಿನ್ ಓಡುವಾಗ ಒತ್ತಡದ ಪೈಪಿನ ಸೋರಿಕೆಯನ್ನು ಬೆರಳಿನಿಂದ ಹುಡುಕಬೇಡಿ. ಸೂಜಿಯಂಥ ಧಾರೆ ಚರ್ಮದೊಳಗೆ ನುಗ್ಗುತ್ತದೆ. ರಟ್ಟಿನ ತುಂಡು ಹಿಡಿಯಿರಿ.

ಇಷ್ಟಾದ ಮೇಲೂ ಭಾರ ಉಳಿದರೆ ಪಂಪು ಮತ್ತು ರ‍್ಯಾಕಿನ ನಡುವೆ ಒತ್ತಡ ಅಳೆಯುವ ಗೇಜು, ಅದರಾಚೆ ವಾಲ್ವ್ ಹಾಕಿಸಿ. ಮಿಸ್ತ್ರಿ ವಾಲ್ವನ್ನು 5 ಸೆಕೆಂಡಿನೊಳಗೆ ಮುಚ್ಚಿ ತೆರೆಯಲಿ. ಕಾರಿನ ಮ್ಯಾನುವಲ್ ಹೇಳಿದಷ್ಟು ಒತ್ತಡ ಏರಿದರೆ ಪಂಪು ಗಟ್ಟಿ, ಸೋರುತ್ತಿರುವುದು ರ‍್ಯಾಕು. ಏರದಿದ್ದರೆ ಈಗ ಪಂಪು ಬದಲಿಸಿ. ಅದಕ್ಕೂ ಮುನ್ನ ಹಳೆ ಎಣ್ಣೆಯನ್ನೆಲ್ಲ ಹೊರಹಾಕಿ, ಟ್ಯಾಂಕು ತೊಳೆಯಿರಿ. ಸವೆದ ಪಂಪು ಉದುರಿಸಿದ ಲೋಹದ ಪುಡಿ ಆ ಎಣ್ಣೆಯಲ್ಲೇ ಇರುತ್ತದೆ, ಹೊಸ ಪಂಪನ್ನೂ ಅದೇ ತಿನ್ನುತ್ತದೆ.