ಮೇಸ್ತ್ರಿಯ ಟೇಪು, ಎರ್ವಿನ್‌ನ ಚಿನ್ನ

ಮೊನ್ನೆ ಹಾಸನದ ನಮ್ಮ ಮನೆ ಬಚ್ಚಲಿಗೆ ಟೈಲ್ಸ್ ಹಾಕಿಸಿದೆ. ಮೇಸ್ತ್ರಿ ಎರಡು ಗೋಡೆಗಳ ನಡುವಿನ ಅಂತರವನ್ನು ಮೂರು ಕಡೆ ಅಳೆದರು. ಆರಡಿಯಲ್ಲೇ 8 ಮಿಲಿಮೀಟರ್ ವ್ಯತ್ಯಾಸ! ನನ್ನ ಮುಖ ನೋಡಿ ಅವರಿಗೆ ನಗು. "ಗೋಡೆ ಯಾವತ್ತೂ ನೇರ ಇರಲ್ಲ ಸಾರ್. ನೇರ ಕಾಣೋ ಹಂಗೆ ನಾವು ಮಾಡ್ತೀವಿ." ಕೊನೆ ಸಾಲಿನ ಟೈಲ್ಸನ್ನು ಓರೆಯಾಗಿ ಕತ್ತರಿಸಿ ಕೂರಿಸಿದರು. ಈಗ ಹುಡುಕಿದರೂ ಸಿಗಲ್ಲ.

ನನಗೆ ಅಮೆರಿಕದ ಈಜುಗಾರ ಆಂತೊನಿ ಎರ್ವಿನ್ ನೆನಪಾದ.

2000ದ ಸಿಡ್ನಿ ಒಲಿಂಪಿಕ್ಸ್, ಗಂಡಸರ 50 ಮೀಟರ್ ಫ್ರೀಸ್ಟೈಲ್. ಎರ್ವಿನ್‌ಗೆ ಆಗ 19 ವರ್ಷ. ಅವನು 21.98 ಸೆಕೆಂಡಿಗೆ ಗೋಡೆ ಮುಟ್ಟಿದ. ಅದೇ ಅಮೆರಿಕ ತಂಡದ ಗ್ಯಾರಿ ಹಾಲ್ ಜೂನಿಯರ್ ಕೂಡ 21.98. ಇಬ್ಬರಿಗೂ ಚಿನ್ನ. ಈ ಕಥೆ ಹೇಳಿದಾಗೆಲ್ಲ ಯಾರಾದರೂ ಕೇಳುತ್ತಾರೆ: ಇಷ್ಟೆಲ್ಲಾ ಕಂಪ್ಯೂಟರ್ ಇಟ್ಕೊಂಡು ಯಾರು ಮೊದಲು ಅಂತ ಹೇಳಕ್ಕಾಗಲ್ವಾ? ಒಬ್ಬರಂತೂ ಇಬ್ಬರ ಜಾತಕನೂ ಒಂದೇ ಇರ್ಬೇಕು ಅಂದುಬಿಟ್ಟರು. ಜಾತಕದ ಮಾತು ಬಿಡಿ, ಕಂಪ್ಯೂಟರ್ ಪ್ರಶ್ನೆಗೆ ಉತ್ತರ ಇದೆ. ಅದರ ಕೈಲಿ ಹೇಳಕ್ಕಾಗುತ್ತೆ. ಹೇಳಬೇಡ ಅಂತ ಅದರ ಬಾಯಿ ಕಟ್ಟಿದ್ದಾರೆ.

ಕಟ್ಟಿದ್ದಕ್ಕೆ ಕಾರಣ 1972ರ ಮ್ಯೂನಿಕ್. ನಾಲ್ಕು ಬಗೆಯ ಈಜು ಸೇರಿದ 400 ಮೀಟರ್ ಮೆಡ್ಲೆಯಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್, ಅಮೆರಿಕದ ಟಿಮ್ ಮೆಕ್ಕೀ ಇಬ್ಬರೂ 4 ನಿಮಿಷ 31.98 ಸೆಕೆಂಡು. ಆಗ ಇನ್ನೊಂದು ಅಂಕಿಯನ್ನೂ ನೋಡಿದರು. ಲಾರ್ಸನ್ 31.981, ಮೆಕ್ಕೀ 31.983. ಲಾರ್ಸನ್‌ಗೆ ಚಿನ್ನ, ಮೆಕ್ಕೀಗೆ ಬೆಳ್ಳಿ. ಆಮೇಲೆ ನಿಯಮವೇ ಬದಲಾಯಿತು. ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತ ಕೆಳಗೆ ಇಳಿಯುವಂತಿಲ್ಲ.

ಯಾಕೆ ಅಂತ ಲೆಕ್ಕ ಹಾಕೋಣ. 50 ಮೀಟರನ್ನು 21.98ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 2.27 ಮೀಟರ್ ವೇಗ. ಸಾವಿರದಲ್ಲಿ ಒಂದು ಸೆಕೆಂಡು ಅಂದರೆ 2.3 ಮಿಲಿಮೀಟರ್ ಕೂಡ ಇಲ್ಲ. ನಮ್ಮ ಮೇಸ್ತ್ರಿ ಎರಡು ಟೈಲ್ಸ್ ಮಧ್ಯೆ ಬಿಡುವ ಸಂದಿಯಷ್ಟು! ಈಜುಕೊಳವೂ ಸಿಮೆಂಟಿನದೇ, ಅದರ ಗೋಡೆಯೂ ಗೋಡೆಯೇ. ರಿಯೋ ಒಲಿಂಪಿಕ್ಸ್ ಕಾಲದ ನಿಯಮದ ಪ್ರಕಾರ ಯಾವುದೇ ಲೇನ್ 50 ಮೀಟರಿಗಿಂತ ಚೂರೂ ಕಡಿಮೆ ಇರಬಾರದು, ಆದರೆ 3 ಸೆಂಟಿಮೀಟರ್‌ವರೆಗೆ ಜಾಸ್ತಿ ಇರಬಹುದಿತ್ತು. ಅಂಥ ಕೊಳದಲ್ಲಿ ಸಾವಿರದ ಲೆಕ್ಕ ಹಿಡಿಯುವುದು ಆಲೂಗೆಡ್ಡೆ ಮೂಟೆ ತೂಗುವ ಕಾಟಾದಲ್ಲಿ ಗುಲಗಂಜಿ ತೂಗಿದ ಹಾಗೆ. ಗಡಿಯಾರ ಎಷ್ಟೇ ಚುರುಕಾಗಿರಲಿ, ಗೋಡೆ ಎಲ್ಲಿದೆ ಅನ್ನುವುದೇ ಅಷ್ಟು ಸರಿಯಾಗಿ ಗೊತ್ತಿಲ್ಲ.

ಅಳೆಯುವ ಟೇಪಿನ ಕಥೆಯೂ ಅಷ್ಟೇ. ಉಕ್ಕಿನ 50 ಮೀಟರ್ ಟೇಪು ಬರೀ 5 ಡಿಗ್ರಿ ಬಿಸಿಯಾದರೆ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ. ನಮ್ಮ ಕಡೆ ಜನವರಿಯಲ್ಲಿ ಬೆಳಗ್ಗೆ ಸ್ವೆಟರ್, ಮಧ್ಯಾಹ್ನ ಬನಿಯನ್. ಬೆಳಗ್ಗೆ ಒಂದು ಲೇನ್ ಅಳೆದು, ಊಟ ಮುಗಿಸಿ ಬಂದು ಪಕ್ಕದ್ದನ್ನು ಅಳೆದರೆ ಅಷ್ಟರಲ್ಲೇ ಸಾವಿರದ ಲೆಕ್ಕ ಕೆಟ್ಟಿರುತ್ತದೆ.

ಓಟದಲ್ಲಿ ಮಾತ್ರ ಸಾವಿರದ ಲೆಕ್ಕ ಹೇಗೆ ನಡೆಯುತ್ತೆ ಅಂತೀರಾ? ಅಲ್ಲಿ ಎಲ್ಲರಿಗೂ ಒಂದೇ ಗೆರೆ, ಆ ಗೆರೆಯನ್ನು ನೋಡುವ ಒಂದೇ ಕ್ಯಾಮೆರಾ. ಈಜಿನಲ್ಲಿ ಒಬ್ಬೊಬ್ಬರಿಗೂ ಅವರದೇ ಗೋಡೆ, ಅವರದೇ ಟಚ್ ಪ್ಯಾಡ್, ಅಂದರೆ ಮುಟ್ಟಿದೊಡನೆ ಗಡಿಯಾರ ನಿಲ್ಲಿಸುವ, ಗೋಡೆಗೆ ಕೂರಿಸಿದ ಒಂದು ಸೆಂಟಿಮೀಟರ್ ದಪ್ಪದ ಹಲಗೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಬೇಲೂರು ಗುಡಿಯ ಕಂಬಗಳನ್ನೇ ನೋಡಿ. ಕಲ್ಲನ್ನು ತಿರುಗಿಸಿ ಕಡೆದ ಕಂಬ ಬಳೆ ತೊಡಿಸಿದಷ್ಟು ಗುಂಡಗಿದೆ. ಸುತ್ತಲೂ ಉಳಿ ಬಿದ್ದದ್ದು ಒಂದೇ ನಡುವನ್ನು ಹಿಡಿದುಕೊಂಡು. ಎಂಟು ಕಡೆ ಎಂಟು ಜನ ನಿಂತು ಅವರವರ ಅಂದಾಜಿಗೆ ಕೆತ್ತಿದ್ದರೆ? (ಬೇಲೂರಿನವರು ಈ ಹೋಲಿಕೆಗೆ ಬೈಯಬಹುದು, ಇರಲಿ.)

ಎರ್ವಿನ್‌ನ ಮುಂದಿನ ಬದುಕು ಮಾತ್ರ ಯಾವ ಲೆಕ್ಕಕ್ಕೂ ಸಿಗುವಂಥದ್ದಲ್ಲ. 2001ರಲ್ಲಿ ಜಪಾನಿನ ಫುಕುವೋಕಾದಲ್ಲಿ 50 ಮತ್ತು 100 ಮೀಟರ್ ಎರಡರಲ್ಲೂ ವಿಶ್ವ ಚಾಂಪಿಯನ್. 2003ರಲ್ಲಿ, 22ರ ವಯಸ್ಸಿಗೆ, ಈಜು ಬಿಟ್ಟ. 2004ರ ಸುನಾಮಿಯಾದಾಗ ಸಿಡ್ನಿಯ ಚಿನ್ನದ ಪದಕವನ್ನೇ ಇಬೇಯಲ್ಲಿ ಹರಾಜಿಗಿಟ್ಟು ಬಂದ ದುಡ್ಡನ್ನು ಪರಿಹಾರಕ್ಕೆ ಕೊಟ್ಟ. ಮತ್ತೆ ನೀರಿಗಿಳಿದು 2012ರ ಲಂಡನ್‌ನಲ್ಲಿ ಐದನೆಯವನಾದ. 2016ರ ರಿಯೋದಲ್ಲಿ, 35ರ ವಯಸ್ಸಿನಲ್ಲಿ, ಅದೇ 50 ಮೀಟರ್: 21.40. ಫ್ರಾನ್ಸಿನ ಫ್ಲೋರಾನ್ ಮನೋದು 21.41. ಈ ಸಲ ಚಿನ್ನ ಒಂದೇ.

ಇಲ್ಲಿ ನನ್ನ ಲೆಕ್ಕವೇ ನನ್ನ ಕಾಲು ಎಳೆಯುತ್ತದೆ. ನೂರರಲ್ಲಿ ಒಂದು ಸೆಕೆಂಡು ಅಂದರೆ ಸುಮಾರು 2.3 ಸೆಂಟಿಮೀಟರ್. ನಿಯಮ ಬಿಟ್ಟಿದ್ದ 3 ಸೆಂಟಿಮೀಟರಿಗಿಂತ ಅದೂ ಕಡಿಮೆಯೇ! ಕೊಳ ಕಟ್ಟುವವರು ಆ ಸಡಿಲವನ್ನು ಪೂರ್ತಿ ಬಳಸಿಕೊಳ್ಳಲ್ಲ ಅನ್ನುವ ನಂಬಿಕೆಯ ಮೇಲೆ ಪದಕ ನಿಂತಿತ್ತು.

ಇದನ್ನೆಲ್ಲ ಮೇಸ್ತ್ರಿಗೆ ಹೇಳಿದೆ. ಕರಣೆ ತೊಳೆಯುತ್ತಾ ಕೇಳಿಸಿಕೊಂಡವರು ಒಂದೇ ಪ್ರಶ್ನೆ ಕೇಳಿದರು: "ಆ ಪ್ಯಾಡು ಒಂದು ಸೆಂಟಿಮೀಟರ್ ದಪ್ಪ ಅಂತೀರಿ. ಅದನ್ನ ಕೂರಿಸಿದ ಮೇಲೆ ಅಳೀತಾರೋ, ಮೊದ್ಲೇ ಅಳೀತಾರೋ?"

ಕೂರಿಸಿದ ಮೇಲೂ 50 ಮೀಟರ್ ಇರಲೇಬೇಕು ಅಂತ ನಿಯಮ ಇದೆ ಅಂದೆ.

"ಹಂಗಾದ್ರೆ ಕಟ್ಟೋ ಕೆಲಸ ಗೊತ್ತಿರೋರೇ ಬರ್ದಿರೋದು," ಅಂದರು.