ವಾಲ್ವ್ ಗಿಟಾರ್ ಆಂಪ್ ಬಿಚ್ಚುವ ಮುಂಚೆ: ಅರ್ಥಿಂಗ್ ಬಗ್ಗೆ ಒಂದಿಷ್ಟು ಟಿಪ್ಪಣಿ

ಅರ್ಥಿಂಗ್ ಇರುವುದು ಗಿಟಾರ್ ನುಡಿಸುವವರಿಗಾಗಿ. ವಾಲ್ವ್ ಆಂಪ್ (ಗಾಜಿನ ಟ್ಯೂಬ್‌ಗಳಿಂದ ನಡೆಯುವ ಆಂಪ್ಲಿಫೈಯರ್) ಬಿಚ್ಚಿ ಒಳಗೆ ಕೈ ಹಾಕುವವರನ್ನು ಅದು ಕಾಪಾಡುವುದಿಲ್ಲ. ಇದು ತಲೆಯಲ್ಲಿ ಕೂತರೆ ಉಳಿದದ್ದು ಸುಲಭ.

ಮೊದಲು ನುಡಿಸುವವರ ವಿಷಯ. ಗಿಟಾರಿನ ತಂತಿಗಳು ಬ್ರಿಡ್ಜ್ (ತಂತಿಗಳು ಕೂರುವ ಲೋಹದ ಭಾಗ) ಮತ್ತು ಕೇಬಲ್ ಶೀಲ್ಡ್ (ಕೇಬಲ್ಲಿನ ಲೋಹದ ಹೊರಸುತ್ತು) ಮೂಲಕ ಆಂಪಿನ ಷಾಸಿಗೆ, ಅಂದರೆ ಲೋಹದ ಚೌಕಟ್ಟಿಗೆ, ಸೇರಿರುತ್ತವೆ. ತಂತಿ ಹಿಡಿದರೆ ಷಾಸಿ ಹಿಡಿದಂತೆಯೇ. ಒಳಗೆ ಫೇಸ್ ವೈರ್ ಕಳಚಿ ಷಾಸಿಗೆ ತಾಗಿದರೆ? ಅರ್ಥಿಂಗ್ ಸರಿ ಇದ್ದರೆ ಫ್ಯೂಸ್ ಹೋಗುತ್ತದೆ, ಇಲ್ಲವೇ ಬ್ರೇಕರ್ ಬೀಳುತ್ತದೆ. ಅರ್ಥಿಂಗ್ ಇಲ್ಲದಿದ್ದರೆ 230 ವೋಲ್ಟ್ ನೇರ ತಂತಿಗೇ ಬರುತ್ತದೆ. ಹಾಡುವಾಗ ತುಟಿ ಅರ್ಥ್ ಆದ ಮೈಕಿಗೆ ತಾಗಿದರೆ ಮುಗಿಯಿತು. 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯ ವೇದಿಕೆಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರಿಸ್ಟ್ ಲೆಸ್ ಹಾರ್ವಿ ಸತ್ತದ್ದು ಹೀಗೆಯೇ. ಆದರೆ ಅಲ್ಲಿ ಅರ್ಥ್ ಇಲ್ಲದೆ ಇದ್ದದ್ದು ಮೈಕಿಗೆ.

ಹಳೆಯ ಅಮೆರಿಕನ್ ಆಂಪ್‌ಗಳಲ್ಲಿ ಎರಡೇ ಪಿನ್ನಿನ ವೈರ್ ಇರುತ್ತದೆ. ಗುಂಯ್‌ಗುಡುವ ಸದ್ದು ಕಡಿಮೆ ಮಾಡಲು ಮೇನ್ಸ್‌ನಿಂದ ಷಾಸಿಗೆ 0.047 ಮೈಕ್ರೋಫ್ಯಾರಡ್‌ನ ಸುಮಾರಿಗೆ ಒಂದು ಕೆಪಾಸಿಟರ್ ಹಾಕಿರುತ್ತಾರೆ. ಅದು ಶಾರ್ಟ್ ಆದರೆ ಷಾಸಿಗೆ ಕರೆಂಟ್. ಅದಕ್ಕೇ ರಿಪೇರಿಯವರು ಅದನ್ನು ಡೆತ್ ಕ್ಯಾಪ್ ಅನ್ನುತ್ತಾರೆ. ಅದನ್ನು ಕಿತ್ತುಹಾಕಿ, ತ್ರೀ ಪಿನ್ ವೈರ್ ಹಾಕಿ. ಹಸಿರು (ಅರ್ಥ್) ವೈರಿಗೆ ಷಾಸಿಯಲ್ಲಿ ಅದರದ್ದೇ ಬೋಲ್ಟ್ ಇರಲಿ. ಉಳಿದೆರಡಕ್ಕಿಂತ ಸ್ವಲ್ಪ ಉದ್ದ ಬಿಡಿ. ಯಾರಾದರೂ ವೈರ್ ಎಳೆದರೆ ಅದು ಕೊನೆಗೆ ಕಿತ್ತುಬರಬೇಕು.

ಸದ್ದು ನಿಲ್ಲಿಸಲು ಪ್ಲಗ್ಗಿನ ದಪ್ಪ ಪಿನ್ (ಅರ್ಥ್ ಪಿನ್) ಕತ್ತರಿಸುವವರು ಈಗಲೂ ಇದ್ದಾರೆ. ದಯವಿಟ್ಟು ಬೇಡ. ಎರಡು ಆಂಪ್ ಜೋಡಿಸಿದಾಗ ಗ್ರೌಂಡ್ ಲೂಪ್ (ಎರಡರ ಅರ್ಥ್ ದಾರಿಗಳು ಸೇರಿ ಒಂದು ಸುತ್ತಾಗುವುದು) ಆಗಿದ್ದರೆ, ಸಿಗ್ನಲ್ ದಾರಿಯಲ್ಲಿ ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಸಾಕು.

ಇನ್ನು ರಿಪೇರಿ ಮಾಡುವವರ ಪಾಡು. ವಾಲ್ವ್ ಆಂಪ್ ಒಳಗೆ 300ರಿಂದ 500 ವೋಲ್ಟ್ ಡಿಸಿ ಇರುತ್ತದೆ. ಒಂದು ಕೈ ಷಾಸಿ ಮೇಲಿದ್ದು ಇನ್ನೊಂದು ಆ ವೋಲ್ಟೇಜ್ ಇರುವ ಜಾಗವನ್ನು ಮುಟ್ಟಿದರೆ ಕರೆಂಟ್ ಎದೆ ದಾಟಿ ಹೋಗುತ್ತದೆ. ಮನೆಯ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಟ್ರಿಪ್ ಆಗುತ್ತದೆ ಅಂತ ನಂಬಬೇಡಿ. ಈ ಕರೆಂಟ್ ಆಂಪಿನ ಟ್ರಾನ್ಸ್‌ಫಾರ್ಮರ್ ಆಚೆಗೇ ಸುತ್ತುವುದರಿಂದ ಅದಕ್ಕೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಪವರ್ ಹಾಕಿ ಅಳೆಯಲೇಬೇಕಾದಾಗ ಒಂದು ಕೈ ಜೇಬಿನಲ್ಲಿರಲಿ.

ಪ್ಲಗ್ ತೆಗೆದರೂ ಫಿಲ್ಟರ್ ಕೆಪಾಸಿಟರ್‌ನಲ್ಲಿ (ಆ ಡಿಸಿಯನ್ನು ಏರಿಳಿತವಿಲ್ಲದಂತೆ ಮಾಡುವ ಕೆಪಾಸಿಟರ್) ಚಾರ್ಜ್ ಉಳಿಯಬಹುದು. 100 ಮೈಕ್ರೋಫ್ಯಾರಡ್, 450 ವೋಲ್ಟ್ ಅಂದರೆ ಸುಮಾರು 10 ಜೂಲ್. ಸುಮ್ನೆ ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡಬೇಡಿ, ಕಿಡಿ ಹಾರುತ್ತದೆ. 100 ಕಿಲೋಓಮ್, 5 ವ್ಯಾಟ್ ರೆಸಿಸ್ಟರ್‌ಗೆ ಚೆನ್ನಾಗಿ ಇನ್ಸುಲೇಟ್ ಮಾಡಿದ ಕ್ಲಿಪ್ ಹಾಕಿ, ಮೊದಲು ಷಾಸಿಗೆ, ಆಮೇಲೆ ಕೆಪಾಸಿಟರ್ ಪಾಸಿಟಿವ್‌ಗೆ ಹಿಡಿಯಿರಿ. ಒಂದು ನಿಮಿಷ ಬಿಡಿ. ಆಮೇಲೆ ಮೀಟರಿನಲ್ಲಿ ನೋಡಿ. ಇಂಥ ಪ್ರತಿ ಕೆಪಾಸಿಟರನ್ನೂ ಬೇರೆ ಬೇರೆಯಾಗಿ ನೋಡಬೇಕು. ಖಾಲಿಯಾದದ್ದರಲ್ಲೂ ವೋಲ್ಟೇಜ್ ನಿಧಾನಕ್ಕೆ ಮತ್ತೆ ಏರಬಹುದು, ಕೆಲಸ ಮುಗಿಯುವವರೆಗೂ ಕ್ಲಿಪ್ ತೆಗೆಯಬೇಡಿ.

ರಿಪೇರಿ ಆದ ಮೇಲೆ ಮೊದಲ ಸಲ ಆನ್ ಮಾಡುವಾಗ ಕ್ಲಿಪ್ ಬಿಚ್ಚಿ, ಸೀರೀಸ್ ಬೋರ್ಡಿನಲ್ಲಿ (ಆಂಪಿಗೆ ಹೋಗುವ ಕರೆಂಟ್ ಬಲ್ಬಿನ ಮೂಲಕವೇ ಹೋಗುವ ಬೋರ್ಡ್) 100 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬ್ ಹಾಕಿ. ಎಲ್‌ಇಡಿ ನಡೆಯುವುದಿಲ್ಲ. ಒಮ್ಮೆ ಬೆಳಗಿ ಮಂದವಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ಕೂಡಲೇ ಆಫ್ ಮಾಡಿ.